ಗೆರೆರಾಯರ ಅತ್ತೆಯ ಮುಂಗೋಣೆ

ರಾಜಮಹಾರಾಜರಿಗೆ ಗಡಿ ಗುರುತಿಸಲು ಸೈನ್ಯ ಬೇಕಿತ್ತು, ಆನೆ ಬೇಕಿತ್ತು, ಆಮೇಲೆ ಅದನ್ನು ಹೊಗಳಲು ಇಬ್ಬರು ಆಸ್ಥಾನಕವಿಗಳೂ ಬೇಕಿತ್ತು. ಗೆರೆರಾಯರಿಗೆ ಒಂದು ಬಕೆಟ್ ಸುಣ್ಣ, ಒಂದು ಉದ್ದನೆಯ ಟೇಪು, ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬ ಜವಾನ, ಇಷ್ಟೇ ಸಾಕಾಗಿತ್ತು. ಆ ಜವಾನನೂ ಅರ್ಧ ದಿನ ಚಹಾ ಕುಡಿಯಲು ಹೋಗಿರುತ್ತಿದ್ದ. ಹಾಗಾಗಿ ಆ ತುದಿಯನ್ನು ಕಲ್ಲಿನ ಕೆಳಗೆ ಸಿಕ್ಕಿಸಿ, ಒಬ್ಬಂಟಿಯಾಗಿಯೇ ಸಾಮ್ರಾಜ್ಯ ಅಳೆಯುವ ಕಲೆಯೂ ಅವರಿಗೆ ಸಿದ್ಧಿಸಿತ್ತು.

ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವರು ಗೆರೆರಾಯರು, ಕರಾವಳಿ ನಿಯಂತ್ರಣ ಕಚೇರಿಯ ಇನ್‌ಸ್ಪೆಕ್ಟರು. ದೊಡ್ಡ ಉಬ್ಬರದ ದಿನ ಸಮುದ್ರ ಎಲ್ಲಿಯವರೆಗೆ ಏರಿ ಬರುತ್ತದೋ ಅಲ್ಲಿ ಸುಣ್ಣದ ಗೆರೆ ಎಳೆಯಬೇಕು. ಆ ಗೆರೆಯಿಂದ ನೆಲದ ಕಡೆಗೆ, ಕಾಯಿದೆ ಹೇಳಿದಷ್ಟು ದೂರ, ಯಾರೂ ಹೊಸದಾಗಿ ಏನನ್ನೂ ಕಟ್ಟದಂತೆ ನೋಡಿಕೊಳ್ಳಬೇಕು. ಹೋಟೆಲು ಕೂಡದು, ಈಜುಕೊಳ ಕೂಡದು, ಸಿಮೆಂಟಿನಲ್ಲಿ ನೆಟ್ಟ ಕೊಡೆಯೂ ಕೂಡದು. ಹೇಳಲು ಸುಲಭ. ಆದರೆ ಸಮುದ್ರ ಎನ್ನುವುದು ಆ ಕಚೇರಿಯ ಅತ್ಯಂತ ಅಶಿಸ್ತಿನ ನೌಕರ. ಒಂದು ವರ್ಷ ಇಲ್ಲಿಗೆ ಬರುತ್ತದೆ, ಇನ್ನೊಂದು ವರ್ಷ ಅಲ್ಲಿಯೇ ನಿಂತು ಆಕಳಿಸುತ್ತದೆ. ರಾಯರು ಪ್ಯಾಂಟು ಮಡಚಿ, ಒಣಗಿದ ಪಾಚಿ ಮತ್ತು ಚಿಪ್ಪಿನ ಸಾಲು ನೋಡುತ್ತ, ಅಲೆ ಹಿಂದೆ ಸರಿದಾಗ ಮುಂದೆ ಓಡಿ, ಮುಂದೆ ಬಂದಾಗ ಹಿಂದೆ ಓಡಿ ಗೆರೆ ಎಳೆಯುವ ದೃಶ್ಯವನ್ನು ನೋಡಲೆಂದೇ ಪ್ರವಾಸಿಗರು ನಿಲ್ಲುತ್ತಿದ್ದರು. ಕೆಲವರು ಅದು ಯಾವುದೋ ಕುಣಿತವೆಂದು ತಿಳಿದು ಚಪ್ಪಾಳೆ ತಟ್ಟಿದ್ದೂ ಉಂಟು.

ಅವರ ಕಚೇರಿ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತಿದರೆ ಎರಡು ಬಾಗಿಲು. ಎಡಗಡೆಯದು ಪ್ರವಾಸೋದ್ಯಮ ಹೂಡಿಕೆ ಉತ್ತೇಜನ ಕಚೇರಿ. ಅಲ್ಲಿ ಬಣ್ಣದ ಪೋಸ್ಟರು, ತಣ್ಣನೆಯ ನೀರು, ‘ನಿಮ್ಮ ಕನಸಿನ ಕಡಲತೀರ ಕಾಯುತ್ತಿದೆ’ ಎಂಬ ಬೋರ್ಡು. ಬಲಗಡೆಯದು ನಿಯಂತ್ರಣ ಕಚೇರಿ. ಅಲ್ಲಿ ಬೆಂಚು, ಕಡತ, ‘ವಿಚಾರಣೆಗೆ ಕಾಯಿರಿ’ ಎಂಬ ಬೋರ್ಡು. ಎರಡಕ್ಕೂ ನಡುವೆ ಒಂದೇ ಗೋಡೆ. ಸರ್ಕಾರ ಎಡಗೈಯಿಂದ ಕರೆದು ಬಲಗೈಯಿಂದ ತಡೆಯುತ್ತಿತ್ತು. ಎಷ್ಟೋ ಹೂಡಿಕೆದಾರರು ಎಡಬಾಗಿಲಿನಿಂದ ಹಲ್ಲು ಬಿಟ್ಟುಕೊಂಡು ಹೊರಬಂದು, ಬಲಬಾಗಿಲಿನೊಳಗೆ ಹೋಗಿ, ಇಂಗು ತಿಂದ ಮಂಗನಂತಾಗಿ ಮೆಟ್ಟಿಲಿಳಿಯುತ್ತಿದ್ದರು.

ಒಂದು ದಿನ ಎಡಬಾಗಿಲಿನಿಂದ ಹಲ್ಲು ಬಿಟ್ಟುಕೊಂಡು ಹೊರಬಂದವರು ರಾಯರ ಅತ್ತೆ.

ಅತ್ತೆಯೆಂದರೆ ಹೆಂಡತಿಯ ತಾಯಿ. ದೂರವಾಣಿ ಕೇಂದ್ರದಲ್ಲಿ ಮೂರು ದಶಕ ಊರಿನವರ ಮಾತಿಗೆ ಮಾತು ಜೋಡಿಸಿ ನಿವೃತ್ತರಾದವರು. ತಂತಿಯಿಲ್ಲದೆಯೇ ಮುಂದಿನ ಬೀದಿಗೆ ತಲುಪುವ ಕಂಠ. ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು, ಮೊದಲ ವಾರ ಅತಿಥಿಯಾಗಿ, ಎರಡನೆಯ ವಾರ ಸಲಹೆಗಾರರಾಗಿ, ಮೂರನೆಯ ವಾರದಿಂದ ಪ್ರಧಾನಿಯಾಗಿ ಇದ್ದರು. ಕಡಲತೀರದಲ್ಲಿದ್ದ ಅವರ ಎರಡು ಕೋಣೆಯ ಹಳೇ ಮನೆ ಬೀಗ ಹಾಕಿಕೊಂಡು ಬಿದ್ದಿತ್ತು. ಪೋಸ್ಟರು ಓದಿದ ಪ್ರಧಾನಿಗೆ ಹುಮ್ಮಸ್ಸು ಬಂತು. ಪ್ರವಾಸಿಗರಿಗೆ ಬಾಡಿಗೆಗೆ ಕೊಡಲೆಂದು, ನಿವೃತ್ತಿಯ ಗಂಟನ್ನೆಲ್ಲ ಸುರಿದು ಮನೆಗೆ ಸುಣ್ಣಬಣ್ಣ ಬಳಿಸಿದರು, ಹೊಸ ಹಾಸಿಗೆ ಹಾಕಿಸಿದರು. ಅಷ್ಟಕ್ಕೇ ನಿಲ್ಲದೆ ಮನೆಯ ಮುಂದೆ, ಮರಳಿನ ಕಡೆಗೆ ಚಾಚಿದಂತೆ, ಗೋಡೆಯಗಲದ ಕಿಟಕಿಯಿರುವ ಹೊಸ ಕೋಣೆಯೊಂದನ್ನು ಎಬ್ಬಿಸಿದರು. ಅದೇ ಮುಂಗೋಣೆ. ಮಂಚದ ಮೇಲೆ ಮಲಗಿದರೆ ಕಾಲ ಬಳಿಯೇ ಸಮುದ್ರ.

ರಾಯರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಕಡೆಗೆ ಅವರು ಟೇಪು ಹಿಡಿದು ಹೋಗುತ್ತಿರಲಿಲ್ಲ. ಹೋದರೂ ಕೈಬೀಸಿಕೊಂಡು, ಆಕಾಶ ನೋಡುತ್ತ ಹೋಗುತ್ತಿದ್ದರು. ಆಕಾಶಕ್ಕೆ ಯಾವ ಕಾಯಿದೆಯೂ ಇರಲಿಲ್ಲ.

ಆ ಮನೆಯ ಒಂದು ಪಕ್ಕದಲ್ಲಿ ಯಾರೂ ಇಲ್ಲದ ಬಲೆಗಳ ಶೆಡ್ಡು, ಇನ್ನೊಂದು ಪಕ್ಕದಲ್ಲಿ ದೊಡ್ಡ ರೆಸಾರ್ಟು. ರೆಸಾರ್ಟಿನ ಮ್ಯಾನೇಜರು ಬಿಸಿಲಿನಲ್ಲೂ ಟೈ ಬಿಚ್ಚದ ಮನುಷ್ಯ. ತನ್ನ ಅತಿಥಿಗಳ ಕಾರು ನಿಲ್ಲಿಸಲು ಅತ್ತೆಯ ಜಾಗ ಬೇಕೆಂದು ಹಲವು ಸಲ ಕೇಳಿದ್ದ. ಅತ್ತೆ ಪ್ರತಿಸಲವೂ, ‘ನಿಮ್ಮ ರೆಸಾರ್ಟನ್ನೇ ನಂಗೆ ಕೊಡಿ, ನನ್ನ ಅತಿಥಿಗಳು ಚಪ್ಪಲಿ ಬಿಡೋಕೆ ಜಾಗ ಸಾಲ್ತಿಲ್ಲ’ ಎಂದು ಕಳಿಸಿದ್ದರು. ಕೊನೆಗೆ ಆತ ಬಲಬಾಗಿಲಿಗೆ ಬಂದು, ಕಡಲತೀರದಲ್ಲಿ ಅಕ್ರಮ ವಸತಿಗೃಹ ನಡೆಯುತ್ತಿದೆಯೆಂದು ದೂರು ಕೊಟ್ಟ. ವಸತಿಗೃಹ ಮುಚ್ಚಿದರೆ ಮುದುಕಿ ಜಾಗ ಮಾರಿಯೇ ಮಾರುತ್ತಾಳೆ ಎಂಬುದು ಅವನ ಲೆಕ್ಕಾಚಾರ. ಅದು ತಪ್ಪೂ ಅಲ್ಲ. ಅತ್ತೆಯ ಗಂಟು ಪೂರ್ತಿ ಆ ಗೋಡೆಗಳೊಳಗೆ ಸೇರಿಹೋಗಿತ್ತು.

ನಿಯಂತ್ರಣ ಕಚೇರಿಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಮಿತಭಾಷಿ, ಆಗಷ್ಟೇ ವರ್ಗವಾಗಿ ಬಂದವರು. ದೂರು ನೋಡಿ, ‘ರಾಯರೇ, ನೋಟಿಸ್ ಕೊಟ್ಟು ಬನ್ನಿ’ ಎಂದರು.

ರಾಯರು ದೂರಿನಲ್ಲಿದ್ದ ವಿಳಾಸವನ್ನು ಎರಡು ಸಲ ಓದಿದರು. ‘ಮೇಡಂ, ಒಂದು ವಿಷಯ. ಅವರು ನನ್ನ ಅತ್ತೆ.’

‘ಸೋದರತ್ತೆನಾ?’

‘ಹೆಂಡ್ತಿ ತಾಯಿ.’

ಮೇಡಂ ಮೊದಲ ಬಾರಿಗೆ ಅವರನ್ನು ಮರುಕದಿಂದ ನೋಡಿದರು. ‘ವಿಚಾರಣೆ ನಾನೇ ಮಾಡ್ತೀನಿ, ಆದೇಶನೂ ನಾನೇ ಬರೀತೀನಿ. ನಿಮ್ಮ ಮೇಲೆ ಯಾರೂ ಬೆರಳು ತೋರಿಸ್ಬಾರ್ದು. ಆದ್ರೆ ನೋಟಿಸ್ ಕೊಡೋಕೆ ನಮ್ಮಲ್ಲಿ ಇರೋದು ನೀವೊಬ್ರೇ.’

‘ಸರ್, ಹೆಲ್ಮೆಟ್ ತರ್ಲಾ?’ ಎಂದ ಬಾಗಿಲಲ್ಲಿ ನಿಂತಿದ್ದ ಜವಾನ.

ರಾಯರು ಕುತ್ತಿಗೆಗೆ ಗುರುತಿನ ಚೀಟಿ ತೂಗುಹಾಕಿಕೊಂಡು, ಕೂದಲು ಬಾಚಿಕೊಂಡು, ರಣರಂಗಕ್ಕೆ ಹೊರಟರು. ಅತ್ತೆ ದಿನವೂ ಬೆಳಿಗ್ಗೆ ಬಸ್ಸು ಹತ್ತಿ ಕಡಲತೀರದ ಮನೆಗೆ ಹೋಗಿ, ಕೋಣೆ ಗುಡಿಸಿ, ಅತಿಥಿಗಳನ್ನು ವಿಚಾರಿಸಿ, ಸಂಜೆ ಬಸ್ಸಿಗೆ ಮರಳುತ್ತಿದ್ದರು. ಅಳಿಯನನ್ನು ಕಂಡದ್ದೇ ಅವರ ಮುಖ ಅರಳಿತು.

‘ಬನ್ನಿ ಬನ್ನಿ ಅಳಿಯಂದ್ರೇ! ಈ ಬಿಸಿಲಲ್ಲಿ ಬಂದ್ರಾ? ಕೂತ್ಕೊಳ್ಳಿ, ಚಹಾಕ್ಕಿಡ್ತೀನಿ.’

‘ಅತ್ತೆ, ಇವತ್ತು ನಾನು ಅಳಿಯನಾಗಿ ಬಂದಿಲ್ಲ.’

‘ಅಯ್ಯೋ! ಯಾವಾಗಿಂದ? ನನ್ನ ಮಗಳಿಗೆ ಗೊತ್ತಾ?’

ರಾಯರು ನೋಟಿಸು ಚಾಚಿದರು. ಅತ್ತೆ ಕನ್ನಡಕ ಏರಿಸಿ ಓದಿದರು. ಓದುತ್ತ ಓದುತ್ತ ಹುಬ್ಬು ಮೇಲೇರಿ, ತುಟಿ ಕೆಳಗಿಳಿದು, ಮುಖದಲ್ಲೇ ಒಂದು ಉಬ್ಬರವಿಳಿತ ಆಗಿಹೋಯಿತು. ಆಮೇಲೆ ಎದ್ದು ನಿಂತು, ಬೇರೆಯದೇ ಸ್ವರದಲ್ಲಿ, ‘ಸಾಹೇಬ್ರು ಹೊರಗೆ ನಿಂತ್ಕೊಳ್ಳಿ. ಆಫೀಸಿನವರನ್ನೆಲ್ಲ ನಾವು ಒಳಗೆ ಕೂರಿಸಲ್ಲ’ ಎಂದರು. ನೋಟಿಸಿಗೆ ಸಹಿ ಹಾಕಿ, ಬಾಗಿಲು ಹಾಕಿಕೊಂಡರು. ಸಾಹೇಬರಿಗೆ ಚಹಾ ಸಿಗಲಿಲ್ಲ.

ಸಂಜೆ ರಾಯರು ಹೆದರುತ್ತಲೇ ಮನೆ ಸೇರಿದರೆ ಅಲ್ಲಿ ಎಂದಿನ ಉಪಚಾರ. ಕಾಲು ತೊಳೆಯಲು ಬಿಸಿನೀರು, ಲೋಟದ ತುಂಬ ಚಹಾ. ಅತ್ತೆ ಎದುರಿಗೆ ಕೂತು, ಕಣ್ಣಿಗೆ ಸೆರಗು ಒತ್ತಿಕೊಂಡರು.

‘ನೋಡಿ ಅಳಿಯಂದ್ರೇ, ಇವತ್ತು ಒಬ್ಬ ಇನ್‌ಸ್ಪೆಕ್ಟರ್ ಬಂದಿದ್ದ. ಮುಖ ನೋಡಿದ್ರೆ ಹಸು. ಕೈಯಲ್ಲಿ ಮಾತ್ರ ಚಾಕು. ನನ್ನಂಥ ವಿಧವೆ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದ್ನಲ್ಲ, ಅವನಿಗೆ ಯಾವ ತಾಯಿ ಹೆಣ್ಣು ಕೊಟ್ಲೋ!’

‘ನೀವೇ ಅತ್ತೆ,’ ಎಂದರು ರಾಯರು ಲೋಟದೊಳಕ್ಕೆ.

‘ನಾನು ನಿಮ್ಗೆ ಕೊಟ್ಟಿದ್ದು. ಅವನಿಗಲ್ಲ.’

ಅಡುಗೆಮನೆಯಿಂದ ಹೆಂಡತಿ ಇಣುಕಿದಳು. ‘ರೀ, ಆ ಇನ್‌ಸ್ಪೆಕ್ಟರ್ ಸಿಕ್ಕಿದ್ರೆ ಹೇಳಿ, ರಾತ್ರಿ ಅವನಿಗೆ ಊಟ ಇಲ್ಲ. ನಿಮ್ಗೆ ಇದೆ.’

ಹೀಗೆ ಒಂದೇ ದೇಹದೊಳಗೆ ಇಬ್ಬರು ವೈರಿಗಳು ವಾಸವಾದರು. ಹಗಲು ಸಾಹೇಬರು ಶಾಪ ತಿನ್ನುವರು, ಸಂಜೆ ಅಳಿಯಂದಿರು ಊಟ ಮಾಡುವರು. ಎರಡು ದಿನ ಈ ನಾಟಕ ನಡೆದ ಮೇಲೆ ರಾಯರೇ ಸೋತು, ‘ಅತ್ತೆ, ನಾನು ಈಗ ಅಳಿಯನಾಗಿ ಮಾತಾಡ್ತಿದ್ದೀನಿ, ಕೇಳಿ’ ಎಂದು ಕಾಯಿದೆ ಬಿಡಿಸಿ ಹೇಳಿದರು. ಅದರಲ್ಲಿ ಗುಟ್ಟೇನಿರಲಿಲ್ಲ. ನೋಟಿಸಿನ ಹಿಂಬದಿಯಲ್ಲೇ ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಅಷ್ಟು ಸಣ್ಣಕ್ಷರವನ್ನು ಓದುವವರು ಯಾರು? ಕಾಯಿದೆ ಬರುವ ಮೊದಲೇ ಇದ್ದ ಮನೆಯಾದರೆ, ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದರೆ, ಮಿಕ್ಕ ಕೋಣೆಗಳನ್ನು ಪ್ರವಾಸಿಗರಿಗೆ ಕೊಡಬಹುದು. ಕಡಲತೀರದ ಹಳಬರಿಗೂ ನಾಲ್ಕು ಕಾಸು ಸಿಗಲಿ, ಎಲ್ಲವೂ ಹೊರಗಿನ ದೊಡ್ಡವರ ಪಾಲಾಗದಿರಲಿ ಎಂದು ಇಟ್ಟ ರಿಯಾಯಿತಿ ಅದು.

‘ಮುಂಗೋಣೆ?’ ಎಂದರು ಅತ್ತೆ.

‘ಅದು ಹೊಸದು. ಅದನ್ನ ದೇವರೇ ಬಂದ್ರೂ ಉಳಿಸೋಕಾಗಲ್ಲ. ಹಳೇ ಎರಡು ಕೋಣೆ ಉಳೀಬೇಕಾದ್ರೆ ನೀವು ಅಲ್ಲಿ ಹೋಗಿ ಇರ್ಬೇಕು. ಒಂದು ಕೋಣೆ ನಿಮ್ಗೆ, ಒಂದು ಅತಿಥಿಗಳಿಗೆ.’

‘ನಾನು ಅಲ್ಲಿ ಹೋಗಿ ಇದ್ರೆ ಇಲ್ಲಿ ನಿಮ್ಮೆಲ್ಲರ ಗತಿ?’

ಗತಿ ಬಹಳ ಚೆನ್ನಾಗಿರುತ್ತದೆ ಎಂದು ರಾಯರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಚಹಾದ ಜೊತೆ ನುಂಗಿದರು.

ಅತ್ತೆ ರಾತ್ರಿಯಿಡೀ ಯೋಚಿಸಿ, ಪ್ರಧಾನಿಗಳು ಮಾಡುವಂತೆಯೇ ಮಾಡಿದರು. ತಾವು ಹೋಗುವ ಬದಲು ಪ್ರತಿನಿಧಿಗಳನ್ನು ಕಳಿಸಿದರು. ತಮ್ಮ ಹಳೇ ದಿಂಬು, ಎರಡು ಸೀರೆ, ಒಂದು ಬಾಚಣಿಗೆ, ಒಡೆದ ಕನ್ನಡಕ, ಅರ್ಧ ಖಾಲಿಯಾದ ಮುಲಾಮಿನ ಡಬ್ಬಿ, ಎಲ್ಲವನ್ನೂ ಚೀಲಕ್ಕೆ ತುಂಬಿ ಒಯ್ದು ಹಿಂದಿನ ಕೋಣೆಯಲ್ಲಿ ಹರಡಿದರು. ದಿಂಬನ್ನು ಗುದ್ದಿ, ತಲೆ ಇಟ್ಟಂತೆ ಗುಳಿ ಮಾಡಿದರು.

‘ಅತ್ತೆ, ವಾಸ ಮಾಡ್ಬೇಕಾಗಿರೋದು ನೀವು. ದಿಂಬಲ್ಲ.’

‘ನನ್ನ ದಿಂಬು ಇದ್ಮೇಲೆ ನಾನಿದ್ದ ಹಾಗೇ. ನಿಮ್ಮ ಮೇಡಂ ಬರ್ಲಿ, ಜೀಪಿನ ಸದ್ದು ಕೇಳಿದ ತಕ್ಷಣ ನಾನು ಮುಲಾಮು ಹಚ್ಕೊಂಡು ಮಲಗಿರ್ತೀನಿ. ನರಳೋಕೂ ಬರುತ್ತೆ ನಂಗೆ.’

ಸ್ಥಳ ಪರಿಶೀಲನೆಯ ದಿನ ಬಂತು. ಅತ್ತೆ ಬೆಳಿಗ್ಗೆಯೇ ಹೋಗಿ ಜೀಪಿಗಾಗಿ ಕಿವಿ ನಿಮಿರಿಸಿ ಕೂತರು. ದೊಡ್ಡ ಮೇಡಮ್ಮಿಗೆ ಮಾತ್ರ ಒಂದು ಅಭ್ಯಾಸವಿತ್ತು. ಹೇಳಿದ ಹೊತ್ತಿಗಿಂತ ಮೊದಲೇ, ಬಸ್ಸಿನಲ್ಲಿ ಬಂದಿಳಿದು, ಯಾರೂ ಗುಡಿಸಿ ಸಾರಿಸುವ ಮೊದಲು ಜಾಗವನ್ನೊಮ್ಮೆ ಸುತ್ತಿ ನೋಡುವುದು. ತಲೆಗೆ ಬಿಸಿಲಿನ ಟೋಪಿ, ಕಾಲಿಗೆ ಮರಳು ಹೊಕ್ಕರೂ ಚಿಂತೆಯಿಲ್ಲದ ಚಪ್ಪಲಿ, ಹೆಗಲಿಗೆ ಬಟ್ಟೆಚೀಲ. ಇಂಥ ಒಬ್ಬ ಹೆಂಗಸು ಗೇಟಿನ ಬಳಿ ನಿಂತು ಮನೆಯನ್ನು ಕಣ್ಣರಳಿಸಿ ನೋಡುತ್ತಿದ್ದರೆ ವಸತಿಗೃಹ ನಡೆಸುವವರಿಗೆ ಏನನ್ನಿಸಬೇಕೋ ಅದೇ ಅತ್ತೆಗೂ ಅನ್ನಿಸಿತು. ಗಿರಾಕಿ!

‘ಬನ್ನಿಯಮ್ಮ, ಒಳಗೆ ಬನ್ನಿ! ಒಬ್ರೇನಾ? ಒಬ್ರಿಗೆ ಅಂತ್ಲೇ ಮಾಡ್ಸಿದ ಹಾಗಿದೆ ಈ ಜಾಗ.’

‘ಸುಮ್ನೆ ನೋಡೋಣ ಅಂತ...’

‘ನೋಡಿ, ನೋಡೋಕೇನು ಕಾಸಾ? ಇದು ಮುಂಗೋಣೆ. ಹೋದ ವರ್ಷ ಕಟ್ಸಿದ್ದು, ಹೊಚ್ಚ ಹೊಸದು. ಸಿಮೆಂಟಿನ ವಾಸ್ನೆ ಇನ್ನೂ ಹೋಗಿಲ್ಲ ನೋಡಿ ಬೇಕಿದ್ರೆ.’

ಮೇಡಂ ಮೂಸಿ ನೋಡಿದರು. ಹೌದೆಂದು ತಲೆಯಾಡಿಸಿದರು.

‘ಇಲ್ಲಿ ಮನೆಯವರು ಯಾರಾದ್ರೂ ಇರ್ತಾರಾ?’

ವ್ಯಾಪಾರ ಮಾಡುವವರ ಬಾಯಿಗೆ ಬೀಗವಿಲ್ಲ. ಏಕಾಂತ ಹುಡುಕಿ ಬರುವ ಗಿರಾಕಿಗಳು ಕೇಳುವ ಮೊದಲ ಪ್ರಶ್ನೆಯೇ ಅದು. ಅದಕ್ಕೆ ಅತ್ತೆಯ ಉತ್ತರ ಬಾಯಿಪಾಠವಾಗಿತ್ತು.

‘ಒಂದು ನರಪಿಳ್ಳೆ ಇರಲ್ಲ! ಬೆಳಿಗ್ಗೆ ಬಂದು ಬೀಗ ತೆಗೀತೀನಿ, ಸಂಜೆ ಬಸ್ಸಿಗೆ ಹೊರಟುಬಿಡ್ತೀನಿ. ಮಾಲೀಕರ ಕಾಟ ಅನ್ನೋದು ಎಳ್ಳಷ್ಟೂ ಇಲ್ಲ. ನಮ್ಮನೆ ಇರೋದು ಪೇಟೇಲಿ, ಮಗಳು ಅಳಿಯನ ಜೊತೆ.’

ಮೇಡಂ ಹಿಂದಿನ ಕೋಣೆಗೆ ಇಣುಕಿದರು. ‘ಇಲ್ಲಿ ಯಾರದೋ ದಿಂಬು, ಸೀರೆ...’

‘ಅಯ್ಯೋ ಅದನ್ನ ನೋಡ್ಬೇಡಿ. ಯಾವಳೋ ಆಫೀಸಿನವಳು ಬರ್ತಾಳಂತೆ, ಅವಳಿಗೆ ತೋರ್ಸೋಕೆ ಇಟ್ಟಿದ್ದೀನಿ. ಅವಳು ಹೋದ ತಕ್ಷಣ ತೆಗೆದುಬಿಡ್ತೀನಿ.’

ಹೇಳಿದ ಹೊತ್ತಿಗೆ ಸರಿಯಾಗಿ, ಟೇಪು ಬಗಲಲ್ಲಿಟ್ಟುಕೊಂಡು ಗೆರೆರಾಯರು ಗೇಟು ದಾಟಿದರು. ಕಿಟಕಿಯಿಂದ ಹೊರಬಂದ ಈ ಕೊನೆಯ ಮಾತು ಅವರ ಕಿವಿಗೆ ಬಿತ್ತು. ಕಣ್ಣಿಗೆ ಬಿಸಿಲಿನ ಟೋಪಿ ಬಿತ್ತು. ಬಗಲಿನಿಂದ ಟೇಪು ಬಿತ್ತು.

‘ನಮಸ್ಕಾರ ಮೇಡಂ,’ ಎಂದರು. ಸ್ವರ ಪಾತಾಳದಿಂದ ಬಂತು.

ಅತ್ತೆ ಅಳಿಯನನ್ನು ನೋಡಿದರು, ಟೋಪಿಯನ್ನು ನೋಡಿದರು, ಮತ್ತೆ ಅಳಿಯನನ್ನು ನೋಡಿದರು. ಕೊನೆಗೆ, ಏನೂ ತೋಚದೆ, ಹಣೆಗೆ ಕೈ ಒತ್ತಿ ನರಳಿದರು. ಅದು ಮೊದಲೇ ಸಿದ್ಧಪಡಿಸಿಕೊಂಡದ್ದಾದ್ದರಿಂದ ಚೆನ್ನಾಗಿಯೇ ಬಂತು.

ಮೇಡಮ್ಮಿನ ಕೆನ್ನೆಯ ಒಂದು ಸ್ನಾಯು ಅದುರಿತು. ಅದನ್ನವರು ತಕ್ಷಣ ಹತೋಟಿಗೆ ತಂದುಕೊಂಡರು. ಅಲ್ಲಿಯೇ ಕುರ್ಚಿ ಹಾಕಿಸಿ, ಚಹಾ ಬೇಡವೆಂದು, ಆದೇಶ ಹೇಳಿದರು. ಮುಂಗೋಣೆ ಬೀಳಬೇಕು. ಹಳೇ ಕೋಣೆಗಳಲ್ಲಿ ಅತಿಥಿಗಳದಕ್ಕೆ ಸದ್ಯಕ್ಕೆ ಬೀಗ, ಇನ್ನೊಂದು ಮಾಲೀಕರ ವಾಸಕ್ಕೆ. ಮಾಲೀಕರು ನಿಜವಾಗಿ ಅಲ್ಲಿ ವಾಸ ಮಾಡಿ ತೋರಿಸಿದರೆ ಆಗ ಪರವಾನಗಿ. ಪ್ರವಾಸಿಗರ ಋತು ಮುಗಿಯುವುದರೊಳಗೆ ವಾಸ ರುಜುವಾತಾಗದಿದ್ದರೆ ಬೀಗ ಕಾಯಂ.

‘ರುಜುವಾತು ಅಂದ್ರೆ?’ ಎಂದರು ಅತ್ತೆ, ನರಳುವುದನ್ನು ನಿಲ್ಲಿಸಿ.

‘ನೆರೆಹೊರೆಯವರ ಸಾಕ್ಷಿ. ಸಂಬಂಧಿಕರಲ್ಲದವರು, ಇವರು ಇಲ್ಲೇ ಇರ್ತಾರೆ ಅಂತ ಬಂದು ಹೇಳ್ಬೇಕು.’ ಮೇಡಂ ಎದ್ದು ಟೋಪಿ ಸರಿಮಾಡಿಕೊಂಡರು. ‘ದಿಂಬು ಹೇಳಿದ್ರೆ ಆಗಲ್ಲ.’

ನೆರೆಹೊರೆ! ಒಂದು ಕಡೆ ಖಾಲಿ ಶೆಡ್ಡು. ಇನ್ನೊಂದು ಕಡೆ ಟೈ ಕಟ್ಟಿದ ಮ್ಯಾನೇಜರು. ಇಡೀ ಕಡಲತೀರದಲ್ಲಿ ಅತ್ತೆಯ ಪರವಾಗಿ ಸಾಕ್ಷಿ ಹೇಳಬಲ್ಲ ಏಕೈಕ ಮನುಷ್ಯ, ಅತ್ತೆ ಅಲ್ಲಿಂದ ತೊಲಗಲೆಂದು ಹಗಲಿರುಳು ಹಾರೈಸುತ್ತಿದ್ದವನು. ಸಾಕ್ಷಿಯ ವಿಷಯ ತಿಳಿಯದ ಆತ, ಬೀಗದ ಸುದ್ದಿ ಕೇಳಿಯೇ ಕಾರು ನಿಲ್ಲಿಸುವ ಜಾಗದ ನಕ್ಷೆಯನ್ನೇ ಬರೆಸಿದನಂತೆ.

ಮುಂಗೋಣೆ ಬಿದ್ದ ದಿನ ಅತ್ತೆ ಬೆಳಿಗ್ಗೆಯೇ ಬಂದಿದ್ದರು. ಗಾರೆಯವರು ಮೊದಲು ಕಿಟಕಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದರು. ಅತ್ತೆ ಅದರ ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತ ಕೂತುಬಿಟ್ಟರು. ರಾಯರು ಪಕ್ಕದಲ್ಲಿ ಹೋಗಿ ಕೂತರು. ಸಾಹೇಬರಾಗಿಯೋ ಅಳಿಯನಾಗಿಯೋ ಅವರಿಗೇ ಗೊತ್ತಿರಲಿಲ್ಲ. ‘ಅವರಿಗೆ ಈ ಕೋಣೆ ತೋರಿಸ್ಬೇಕು ಅಂತಿತ್ತು’ ಎಂದರು ಅತ್ತೆ. ಅವರು ಎಂದರೆ ತೀರಿಹೋದ ಗಂಡ. ರಾಯರು ಗಾಜಿನ ಇನ್ನೊಂದು ಬದಿಯನ್ನು ತಮ್ಮ ಕರವಸ್ತ್ರದಿಂದ ಒರೆಸಿದರು.

ಮರುದಿನ ಅತ್ತೆ ಪೆಟ್ಟಿಗೆ ಕಟ್ಟಿದರು. ಮಗಳು ಬೇಡವೆಂದಳು. ‘ಒಬ್ಳೇ ಹೇಗಿರ್ತೀಯಮ್ಮ?’

‘ಒಬ್ಳೇ ಯಾಕೆ? ಪಕ್ಕದಲ್ಲಿ ಅಷ್ಟು ದೊಡ್ಡ ರೆಸಾರ್ಟಿದೆ. ಪರಿಚಯ ಮಾಡ್ಕೋತೀನಿ.’

ಪ್ರಧಾನಿ ಹೋದ ಮನೆಯಲ್ಲಿ ಮೊದಲ ದಿನ ಸ್ವಾತಂತ್ರ್ಯೋತ್ಸವ. ರಾಯರು ಕಾಲ ಮೇಲೆ ಕಾಲು ಹಾಕಿ ಕೂತರು, ಬನಿಯನ್ನಿನಲ್ಲೇ ಊಟ ಮಾಡಿದರು, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರು. ಯಾರೂ ಏನೂ ಅನ್ನಲಿಲ್ಲ. ಎರಡನೆಯ ದಿನವೂ ಅನ್ನಲಿಲ್ಲ. ಮೂರನೆಯ ದಿನ ರಾಯರು ಒದ್ದೆ ಟವೆಲನ್ನು ಎಸೆದು, ಬಾಗಿಲ ಕಡೆ ನೋಡಿ, ಒಂದು ಗಳಿಗೆ ಕಾದು, ತಾವೇ ಎತ್ತಿ ತಂತಿಯ ಮೇಲೆ ಹಾಕಿದರು. ಬಯ್ಯುವವರಿಲ್ಲದ ತಪ್ಪಿಗೆ ರುಚಿಯಿಲ್ಲ.

ಇತ್ತ ಕಡಲತೀರದಲ್ಲಿ ಅತ್ತೆ ಪರಿಚಯ ಮಾಡಿಕೊಳ್ಳತೊಡಗಿದ್ದರು.

ಕೆಲವು ವಾರಗಳಾಗಿರಬೇಕು. ಒಂದು ಬೆಳಿಗ್ಗೆ ಮ್ಯಾನೇಜರು ಮೆಟ್ಟಿಲು ಹತ್ತಿ, ಬಲಬಾಗಿಲು ನೂಕಿ, ದೊಡ್ಡ ಮೇಡಮ್ಮಿನ ಮುಂದೆ ಬಂದು ನಿಂತ. ಟೈ ಕಿವಿಯ ಕಡೆಗೆ ತಿರುಗಿತ್ತು. ಮೂಲೆಯ ಮೇಜಿನಲ್ಲಿ ಗೆರೆರಾಯರು ನಕ್ಷೆಯೊಂದರ ಹಿಂದೆ ಮರೆಯಾದರು.

‘ಮೇಡಂ, ಆ ಮುದುಕಿಯಿಂದ ನನ್ನನ್ನ ಕಾಪಾಡಿ!’

‘ಯಾವ ಮುದುಕಿ?’

‘ಪಕ್ಕದ ಮನೆಯವಳು! ಸೂರ್ಯ ಹುಟ್ಟೋ ಮೊದ್ಲೇ ಎದ್ದು ಕಾಂಪೌಂಡಿನ ಹತ್ರ ನಿಂತು ಫೋನಲ್ಲಿ ಮಾತಾಡ್ತಾಳೆ. ಅದಕ್ಕೆ ಫೋನ್ ಯಾಕೆ ಬೇಕೋ ಗೊತ್ತಿಲ್ಲ, ಆ ಕಡೆಯವರಿಗೆ ಹಾಗೇ ಕೇಳ್ಸುತ್ತೆ. ನಮ್ಮ ಅತಿಥಿಗಳೆಲ್ಲ ಎದ್ದು ಕೂರ್ತಾರೆ.’

‘ಬೆಳಿಗ್ಗೆ ಮಾತ್ರನಾ?’

‘ಬೆಳಿಗ್ಗೆ ಮಾತ್ರ ಆಗಿದ್ರೆ ಸಹಿಸ್ಕೋತಿದ್ದೆ. ತಿಂಡಿ ಹೊತ್ತಿಗೆ ಕೊಡೆ ಹಿಡ್ಕೊಂಡು ನಮ್ಮ ಹುಲ್ಲುಹಾಸಿನ ಮೇಲೆ, ಟೇಬಲ್‌ಗಳ ಮಧ್ಯೆ ನಡ್ಕೊಂಡು ಸಮುದ್ರಕ್ಕೆ ಹೋಗ್ತಾಳೆ. ಹೋಗ್ತಾ ಅತಿಥಿಗಳ ತಟ್ಟೆ ನೋಡಿ, ‘ಪಾಪ, ಇಷ್ಟೇನಾ ಕೊಟ್ಟಿರೋದು?’ ಅಂತ ಕೇಳ್ತಾಳೆ ಮೇಡಂ! ಮಧ್ಯಾಹ್ನ ವಾಪಸ್ ಬರ್ತಾಳೆ. ಸಂಜೆ ಮತ್ತೆ ಹೋಗ್ತಾಳೆ. ರಾತ್ರಿ ನಮ್ಮಲ್ಲಿ ಸಂಗೀತ ಶುರುವಾದ್ರೆ ಕಿಟಕಿ ತೆಗೆದು, ‘ಶ್ರುತಿ ತಪ್ತು’ ಅಂತ ಕೂಗ್ತಾಳೆ.’

‘ಒಂದೊಂದು ದಿನ ಹೀಗಾಗಬಹುದು.’

‘ಒಂದೊಂದು ದಿನ ಅಲ್ಲ! ದಿನಾ! ಒಂದು ದಿನ ತಪ್ಪಲ್ಲ! ಅವಳು ಆ ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಹೋದದ್ದನ್ನ ನಾನು ಕಂಡಿಲ್ಲ. ಹೋಗ್ಲಿ ಅಂತ ದಿನಾ ಕಾಯ್ತಾ ಇದ್ದೀನಿ, ಹೋಗಲ್ಲ!’

ದೊಡ್ಡ ಮೇಡಂ ಪೆನ್ನಿನ ಮುಚ್ಚಳ ತೆಗೆದರು. ‘ನೀವು ಅವರ ಸಂಬಂಧಿಕರೇನೂ ಅಲ್ವಲ್ಲ?’

‘ನಾನಾ? ಶಿವ ಶಿವಾ! ಏಳು ಜನ್ಮಕ್ಕೂ ಬೇಡ.’

‘ಹಾಗಿದ್ರೆ ಈಗ ಹೇಳಿದ್ದನ್ನೇ ಇನ್ನೊಂದು ಸಲ ನಿಧಾನವಾಗಿ ಹೇಳಿ. ಬರ್ಕೋತೀನಿ. ಕೊನೇಲಿ ಸಹಿ ಹಾಕಿ.’

ಮ್ಯಾನೇಜರು ಉತ್ಸಾಹದಿಂದ ಹೇಳಿದ. ಸಂಜೆಯ ನಡಿಗೆಗೆ ಇನ್ನಷ್ಟು ಬಣ್ಣ ಹಚ್ಚಿದ. ಸಹಿಯ ಕೆಳಗೆ ಎರಡು ಗೆರೆ ಎಳೆದ. ನಕ್ಷೆಯ ಹಿಂದೆ ಗೆರೆರಾಯರು ಉಸಿರು ಬಿಗಿಹಿಡಿದು ಕೆಂಪಾಗಿದ್ದರು. ಜವಾನನಂತೂ ಚಹಾ ಕುಡಿಯುವುದನ್ನೂ ಮರೆತು ಬಾಗಿಲಿಗೆ ಅಂಟಿಕೊಂಡಿದ್ದ.

‘ಈಗ ಅವಳ ಮೇಲೆ ಕ್ರಮ ತಗೋತೀರಾ ಮೇಡಂ?’

‘ತಗೋತೀನಿ. ಪರವಾನಗಿ ಕೊಡ್ತೀನಿ. ಅವರು ಅಲ್ಲೇ ವಾಸ ಇದ್ದಾರೆ ಅಂತ ನೆರೆಯವರ ಸಾಕ್ಷಿ ಬೇಕಾಗಿತ್ತು. ಇಷ್ಟು ವಿವರವಾಗಿ ಯಾರೂ ಕೊಡ್ತಿರ್ಲಿಲ್ಲ.’

ಮ್ಯಾನೇಜರಿನ ಬಾಯಿ ತೆರೆದುಕೊಂಡಿತು. ಟೈ ಹಿಡಿದುಕೊಂಡು ಕುರ್ಚಿಯ ಅಂಚಿಗೆ ಕುಸಿದ.

‘ಇನ್ನೊಂದು ಮಾತು,’ ಎಂದರು ಮೇಡಂ. ‘ಅವರು ನಿಮ್ಮ ಹುಲ್ಲುಹಾಸಿನ ಮೇಲೆ ಯಾಕೆ ನಡೀತಾರೆ? ಸಮುದ್ರಕ್ಕೆ ಊರಿನ ದಾರಿ ಇಲ್ವಾ? ರಾಯರೇ?’

ರಾಯರು ನಕ್ಷೆಯ ಮೇಲಿನಿಂದ ತಲೆಯೆತ್ತಿದರು. ‘ಇದೆ ಮೇಡಂ. ಶೆಡ್ಡಿನವರು, ದೋಣಿಯವರು ಎಲ್ರೂ ಓಡಾಡ್ತಿದ್ದ ದಾರಿ. ಈಗ ಅದರ ಮೇಲೆ ತಿಂಡಿ ಟೇಬಲ್ ಇದೆ.’

‘ಹೋಗಿ ಅಳೆದು ಬನ್ನಿ.’

ಆಹಾ, ಆ ಯಾತ್ರೆ! ಗೆರೆರಾಯರು ಸುಣ್ಣದ ಬಕೆಟ್ಟಿನೊಡನೆ, ಜವಾನನ ಸಮೇತ, ದಂಡನಾಯಕರಂತೆ ರೆಸಾರ್ಟಿನ ಹುಲ್ಲುಹಾಸನ್ನು ಪ್ರವೇಶಿಸಿದರು. ಅತಿಥಿಗಳು ತಮ್ಮ ತಮ್ಮ ತಟ್ಟೆಗಳನ್ನೆತ್ತಿ ದಾರಿ ಬಿಟ್ಟರು. ಟೇಬಲ್ಲುಗಳ ನಡುವೆ ಬಿಳಿಗೆರೆ ನೇರವಾಗಿ ಸಮುದ್ರಕ್ಕಿಳಿಯಿತು. ಕಾಂಪೌಂಡಿನ ಆಚೆ ಅತ್ತೆ ಹಾಸಿಗೆಯ ಬಟ್ಟೆ ಒಣಹಾಕುತ್ತಿದ್ದರು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಹತ್ತು ವರ್ಷ ಚಿಕ್ಕವರಾದಂತೆಯೂ ಕಾಣುತ್ತಿದ್ದರು.

‘ಅತ್ತೆ, ಪರವಾನಗಿ ಆಯ್ತು!’ ರಾಯರು ಕೂಗಿದರು.

‘ಯಾರು ಸಾಕ್ಷಿ ಹೇಳಿದ್ದು?’

‘ಮ್ಯಾನೇಜರು!’

ಅತ್ತೆ ಕೈಯಲ್ಲಿದ್ದ ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿದರು. ‘ಒಳ್ಳೇ ಮನುಷ್ಯ ಕಣ್ರೀ. ನಾನೇ ತಪ್ಪು ತಿಳ್ಕೊಂಡಿದ್ದೆ. ನಾಳೆ ಅವನ ತಟ್ಟೆಗೆ ಏನಾದ್ರೂ ಒಯ್ದು ಕೊಡ್ತೀನಿ.’

‘ನಿಮ್ಮ ಮಗಳು ನಿಮ್ಮನ್ನ ತುಂಬ ನೆನೆಸ್ಕೋತಿದ್ದಾಳೆ ಅತ್ತೆ. ಭಾನುವಾರ ನಾವಿಬ್ರೂ ಬಂದು ಒಂದು ರಾತ್ರಿ ಇರ್ತೀವಿ.’

‘ಮಗಳು ಮಾತ್ರನಾ ನೆನೆಸ್ಕೋತಿರೋದು?’

ರಾಯರು ಬಕೆಟ್ಟಿನೊಳಗೆ ನೋಡಿದರು. ‘ಒದ್ದೆ ಟವೆಲ್ ಎಲ್ಲಿ ಹಾಕ್ಬೇಕು ಅಂತ ಯಾರೂ ಹೇಳ್ತಿಲ್ಲ’ ಎಂದರು.

ಅತ್ತೆ ನಗಲಿಲ್ಲ. ನಗು ಬಂದಾಗ ಅವರು ಕೆಲಸಕ್ಕೆ ಕೈಹಚ್ಚುತ್ತಿದ್ದರು. ಬಟ್ಟೆಯೊಂದನ್ನು ಜೋರಾಗಿ ಕೊಡವಿದರು. ‘ಪರವಾನಗಿ ಬಂದೇ ಬರುತ್ತೆ ಅಂತ ಮೊದ್ಲೇ ಒಪ್ಕೊಂಡಿದ್ದೀನಿ, ಭಾನುವಾರ ಅತಿಥಿ ಕೋಣೆ ಭರ್ತಿ. ನನ್ನ ಕೋಣೇಲಿ ನಾನಿರ್ಬೇಕು, ಅದು ಕಾಯಿದೆ. ಮಗಳು ಅಳಿಯ ಬಂದು ಉಳ್ಕೊಂಡ್ರೆ ಅವರು ಅತಿಥಿ ಲೆಕ್ಕಾನೋ ಮನೆಯವರ ಲೆಕ್ಕಾನೋ? ಅತಿಥಿ ಅಂದ್ರೆ ಮೂರನೇ ಕೋಣೆ ಬೇಕು, ಅದನ್ನ ನೀವೇ ಬೀಳ್ಸಿದ್ದೀರಿ. ಆಫೀಸಲ್ಲಿ ಕೇಳ್ಕೊಂಡು ಬನ್ನಿ. ಅಲ್ಲೀತನಕ ವರಾಂಡದಲ್ಲಿ ಚಾಪೆ.’

ಗೆರೆರಾಯರು ಕಚೇರಿಗೆ ಮರಳಿ, ಮರಳು ತುಂಬಿದ ಬೂಟು ಕೊಡವಿ, ಕಾಯಿದೆ ಪುಸ್ತಕ ತೆರೆದರು. ಹೋಟೆಲಿಗೆ ಕಲಮಿತ್ತು, ಈಜುಕೊಳಕ್ಕೆ ಕಲಮಿತ್ತು, ಸಿಮೆಂಟಿನಲ್ಲಿ ನೆಟ್ಟ ಕೊಡೆಗೂ ಇತ್ತು. ಅಳಿಯನಿಗೆ ಎಲ್ಲಿಯೂ ಇರಲಿಲ್ಲ. ಪುಸ್ತಕ ಮುಚ್ಚಿ, ಜವಾನನನ್ನು ಕರೆದು, ಪೇಟೆಯಲ್ಲಿ ಒಳ್ಳೆಯ ಚಾಪೆ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು.